ಹೆಲ್‌ಹ್ಯಾಮರ್ ವೃಂದದ ಮೂಲಮುದ್ರಿಕೆಗಳ ವಿಚಾರ

ಸ್ವಿಟ್ಸರ್ಲೆಂಡ್ ದೇಶದ ಜೂರಿಕ್ ನಗರಕ್ಕೆ ಅನತಿದೂರದಲ್ಲಿ ನ್ಯೂರೆನ್ಸ್‌ಡೋರ್ಫ್ ಎಂಬ ಗ್ರಾಮವಿರುವುದು. ಅಲ್ಲಿಯ ತರುಣರು ಕೆಲವರು 1982ರಲ್ಲಿ ಕಟ್ಟಿಕೊಂಡ ಹೆಲ್‌ಹ್ಯಾಮರ್ ಎಂಬ ವಾದ್ಯವೃಂದವು ಎರಡು ವರ್ಷ ಮಾತ್ರ ಬಾಳಿತು. ಆ ಅವಧಿಯಲ್ಲಿ ಒಂದು ಬಾರಿಯೂ ಸಭಿಕರ ಮುಂದೆ ನಿಂತು ನುಡಿಸಲಿಲ್ಲ. 1984ರ ಮೇ ತಿಂಗಳಲ್ಲಿ ವಿಸರ್ಜಿತವಾಯಿತು. ಹೀಗಿದ್ದೂ ‘ಎಕ್ಸ್‌ಟ್ರೀಮ್ ಮೆಟಲ್’ ಎಂದು ಕರೆಯಲ್ಪಡುವ ಉಗ್ರಸಂಗೀತದ ಇತಿಹಾಸವನ್ನು ಬರೆಯುವವರಲ್ಲಿ ಈ ವೃಂದವನ್ನು ಬಿಟ್ಟು ಮುಂದೆ ಹೋದವರು ವಿರಳ. ಅದಕ್ಕೆ ಕಾರಣವಾದವು ಕ್ಯಾಸೆಟ್ಟುಗಳಲ್ಲಿ ಹರಡಿದ ಕೆಲವು ಒರಟು ಮುದ್ರಣಗಳು. ಆ ಒರಟುತನವು ಕರ್ತೃಗಳಿಗೆ ಉದ್ದಿಷ್ಟವಾದುದೋ ಅಥವಾ ಅವರ ಅಶಕ್ತಿಯಿಂದ ಬಂದುದೋ ಎಂಬುದೇ ಪ್ರಕೃತ ವಿಚಾರಣೀಯವಾದ ವಿಷಯ. ಸಂಗೀತವೆಂದೊಡನೆ ಶ್ರುತಿಶುದ್ಧಿಯನ್ನು ನೆನೆಯುವ ವಿದ್ವಾಂಸರಿಗೆ ಇದು ಅಲ್ಪವಿಷಯವೆಂದು ತೋರಬಹುದು. ಆದರೆ ದೋಷವೆನಿಸಿದ್ದು ಹೇಗೆ ಲಕ್ಷಣವಾಗುತ್ತದೆಂಬುದನ್ನು ಸಾಲು ಹಿಡಿದು ನೋಡಲು ಇಷ್ಟು ಸಮೀಪದ ನಿದರ್ಶನವು ಸುಲಭವಾಗಿ ದೊರೆಯುವಂಥದಲ್ಲ.

ಪಾಶ್ಚಾತ್ಯ ವಾದಕರು ತಮ್ಮ ಕೃತಿಗಳನ್ನು ಪ್ರಕಾಶಕರಿಗೂ ಆಪ್ತರಿಗೂ ತಿಳಿಯಪಡಿಸುವುದಕ್ಕಾಗಿ ಸ್ವಂತ ವೆಚ್ಚದಿಂದ ಮಾಡಿಕೊಳ್ಳುವ ಮಾದರಿ ಮುದ್ರಣಕ್ಕೆ ‘ಡೆಮೋ’ ಎಂದು ಹೆಸರು. ಹೆಲ್‌ಹ್ಯಾಮರ್ ವೃಂದದ ಇಂತಹ ಮುದ್ರಣಗಳು ಮೂರು. ‘ಡೆತ್ ಫೀಂಡ್’, ‘ಟ್ರಯಂಫ್ ಆಫ್ ಡೆತ್’ ಎಂಬೆರಡು 1983ರ ಜೂನ್ ತಿಂಗಳಿಗೆ ಸೇರಿದವು. ‘ಸಟಾನಿಕ್ ರೈಟ್ಸ್’ ಎಂಬುದು ಅದೇ ವರ್ಷದ ಡಿಸೆಂಬರಿನದು. ಮೊದಲನೆಯದನ್ನು ಕರ್ತೃಗಳು ಆಗ ಹೊರಗೆ ಬಿಡಲೇ ಇಲ್ಲ. ಥಾಮಸ್ ಗೇಬ್ರಿಯಲ್ ಫಿಷರ್ (ಟಾಮ್ ವಾರಿಯರ್ ಎಂಬುದು ಇವನು ಧರಿಸಿದ ನಾಮ) ಕಂಠ ಮತ್ತು ಗಿಟಾರ್ ವಾದನಗಳೆರಡನ್ನೂ ವಹಿಸಿದ್ದನು. ಅಭ್ಯಾಸಕ್ಕೆ ಆಯ್ದುಕೊಂಡಿದ್ದ ಬಂಕರಿಗೆ ‘ಗ್ರೇವ್ ಹಿಲ್’ ಎಂದು ಅವರೇ ಹೆಸರಿಟ್ಟಿದ್ದರು. ಆದರ್ಶಗಳೂ ಗುಪ್ತವಲ್ಲ: ಇಂಗ್ಲೆಂಡಿನ ನ್ಯೂಕಾಸಲ್ ನಗರದ ವೆನಮ್ ವೃಂದವು 1981ರಲ್ಲಿಯೂ 1982ರಲ್ಲಿಯೂ ಪ್ರಕಟಿಸಿದ ಎರಡು ಮುದ್ರಿಕೆಗಳು ಮತ್ತು ಅದೇ ದೇಶದ ಡಿಸ್‌ಚಾರ್ಜ್ ವೃಂದದ ರಭಸದ ಪಂಕ್ ಸಂಗೀತ. ವೆನಮ್ ವೃಂದದ ಭಯಾನಕವು ಬಹುಮಟ್ಟಿಗೆ ವೇಷ, ವಿನೋದ. ನ್ಯೂರೆನ್ಸ್‌ಡೋರ್ಫಿನ ತರುಣರಾದರೋ ಅದನ್ನು ನಗೆಯಿಲ್ಲದೆ ಸ್ವೀಕರಿಸಿದರು. ತನ್ನ ಬಾಲ್ಯವು ಎಷ್ಟು ದುಃಖಕರವಾಗಿತ್ತೆಂಬುದನ್ನು ಫಿಷರನು ‘ಓನ್ಲಿ ಡೆತ್ ಈಸ್ ರಿಯಲ್’ ಎಂಬ 2010ರ ಗ್ರಂಥದಲ್ಲಿ ತಾನೇ ಬರೆದಿಟ್ಟಿರುವುದರಿಂದ, ಈ ಭೇದಕ್ಕೆ ಕಾರಣವನ್ನು ಬಹು ದೂರ ಹುಡುಕಬೇಕಾಗಿಲ್ಲ.

ಅಂದಿನ ವಿಮರ್ಶಕರು ಈ ಮುದ್ರಣಗಳನ್ನು ಕಠೋರವಾಗಿ ತಿರಸ್ಕರಿಸಿದರು. ವಾದ್ಯಗಳ ಮೇಲೆ ಹಿಡಿತವಿಲ್ಲ, ಸ್ವರಕ್ಕೆ ಸ್ಪಷ್ಟತೆಯಿಲ್ಲ, ಕಂಠವು ಗರ್ಜನೆಯಲ್ಲದೆ ಗಾನವಲ್ಲ ಎಂಬುದು ಆಕ್ಷೇಪದ ಸಾರ. ಇದು ಸುಳ್ಳೆಂದು ಹೇಳುವುದು ಪಕ್ಷಪಾತವಾದೀತು. ಆದರೆ ಭಯಾನಕ ಬೀಭತ್ಸಗಳನ್ನು ಭರತಮುನಿಯೇ ರಸಗಳ ಪಂಕ್ತಿಯಲ್ಲಿ ಎಣಿಸಿರುವಾಗ, ಜುಗುಪ್ಸೆಯುಂಟಾಯಿತೆಂಬ ಕಾರಣದಿಂದಲೇ ಕೃತಿಯನ್ನು ತಳ್ಳಿಹಾಕಿದವರು ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟರೆಂದೇ ಹೇಳಬೇಕು.

ಒರಟುತನವು ಉದ್ದಿಷ್ಟವಾಗಿರಲಿಲ್ಲವೆಂಬುದಕ್ಕೆ ಮುದ್ರಣಗಳ ಕ್ರಮವೇ ಸಾಕ್ಷಿ. ಜೂನ್ ತಿಂಗಳ ಮುದ್ರಣಕ್ಕಿಂತ ಡಿಸೆಂಬರಿನದು ಸ್ಫುಟವಾಗಿದೆ. ಬರ್ಲಿನ್ ನಗರದಲ್ಲಿ ನಾಯ್ಸ್ ಎಂಬ ಪ್ರಕಾಶನಕ್ಕಾಗಿ 1984ರ ಮಾರ್ಚ್ ತಿಂಗಳಲ್ಲಿ ಮುದ್ರಿಸಿದ ‘ಅಪೊಕ್ಯಾಲಿಪ್ಟಿಕ್ ರೇಡ್ಸ್’ ಅದಕ್ಕಿಂತಲೂ ಸ್ಫುಟವಾಗಿದೆ. ‘ಟ್ರಯಂಫ್ ಆಫ್ ಡೆತ್’ ಎಂಬ ಗೀತವು ಅಲ್ಲಿ ಒಂಬತ್ತು ನಿಮಿಷಗಳನ್ನು ಮೀರಿ, ಅತಿವಿಳಂಬದಿಂದ ನಡೆಯುತ್ತದೆ. ಕರ್ಕಶತೆಯನ್ನೇ ವ್ರತವಾಗಿ ಹಿಡಿದವರು ಪ್ರತಿ ಅವಕಾಶದಲ್ಲಿಯೂ ಅದನ್ನು ತಗ್ಗಿಸಿಕೊಳ್ಳುತ್ತ ಬರುವುದು ಸಂಭವಿಸದು. ಇದರ ಮೇಲೆ, ಫಿಷರನೂ ಅಷ್ಟರಲ್ಲಿ ವೃಂದವನ್ನು ಸೇರಿದ್ದ ಮಾರ್ಟಿನ್ ಎರಿಕ್ ಐನನೂ ಹೆಲ್‌ಹ್ಯಾಮರ್ ಎಂಬ ಹೆಸರನ್ನೇ ತ್ಯಜಿಸಿ ‘ಸೆಲ್ಟಿಕ್ ಫ್ರಾಸ್ಟ್’ ಎಂಬ ಹೊಸ ವೃಂದವನ್ನು ಸ್ಥಾಪಿಸಿ, ಅದೇ ವರ್ಷ ‘ಮಾರ್ಬಿಡ್ ಟೇಲ್ಸ್’ ಎಂಬ ಮುದ್ರಿಕೆಯನ್ನು ಹೊರತಂದರು. ಹಳೆಯ ಹೆಸರು ಅವರಿಗೆ ಬಹುಕಾಲ ಭಾರವಾಗಿಯೇ ಉಳಿಯಿತು.

ಆದರೆ ಬೀಜವನ್ನು ಬಿತ್ತಿದವನು ಬೇಡವೆಂದರೂ ಗಾಳಿಯು ಕೇಳಲಿಲ್ಲ. ಫಿಲಿಪ್ಸ್ ಕಂಪೆನಿಯು 1963ರಲ್ಲಿ ಬಳಕೆಗೆ ತಂದ ಕ್ಯಾಸೆಟ್ಟಿನ ನಾಡೆಯ ಅಗಲ 4 ಮಿಲಿಮೀಟರಿಗೂ ಕಡಿಮೆ. ಅದು ಸೆಕೆಂಡಿಗೆ 5 ಸೆಂಟಿಮೀಟರಿಗಿಂತ ಕಡಿಮೆ ವೇಗದಲ್ಲಿ ಓಡುವುದು. ಎರಡು ಯಂತ್ರಗಳಿದ್ದವರು ಯಾರಾದರೂ ಪ್ರತಿಮಾಡಿಕೊಳ್ಳಬಹುದಾಗಿತ್ತು. ಆ ಪ್ರತಿಯಿಂದ ಮತ್ತೊಂದು, ಅದರಿಂದ ಇನ್ನೊಂದು ಹುಟ್ಟಿ ಅಂಚೆಯ ಮೂಲಕ ದೇಶದೇಶಗಳಿಗೆ ಸಾಗುತ್ತಿತ್ತು. ಪ್ರತಿಯೊಂದು ಪ್ರತಿಯಲ್ಲಿಯೂ ನಾಡೆಯ ಬುಸುಗುಟ್ಟುವಿಕೆ ಹೆಚ್ಚುವುದು, ತಾರಧ್ವನಿಗಳು ಮಸುಕಾಗುವುವು. ಯಂತ್ರದ ವೇಗವು ನೂರಕ್ಕೆ ಆರರಷ್ಟು ವ್ಯತ್ಯಸ್ತವಾದರೆ ಶ್ರುತಿಯೇ ಅರ್ಧಸ್ವರದಷ್ಟು ಸರಿಯುವುದು. ತಾಡವೋಲೆಯ ಲಿಪಿಕಾರನು ಅಕ್ಷರವನ್ನು ತಪ್ಪಿದರೆ ಪಂಡಿತನು ಅರ್ಥಬಲದಿಂದ ತಿದ್ದಬಲ್ಲನು. ಇಲ್ಲಿ ಲಿಪಿಕಾರನು ಯಂತ್ರ, ಅದರ ಸ್ಖಾಲಿತ್ಯಕ್ಕೆ ಅರ್ಥದ ಅಂಕೆಯಿಲ್ಲ. ಆದಕಾರಣ ದೂರದೇಶದ ಶ್ರೋತೃವು ಕೇಳಿದ ಹೆಲ್‌ಹ್ಯಾಮರ್ ಬಂಕರಿನಲ್ಲಿ ನುಡಿದುದಕ್ಕಿಂತಲೂ ಘೋರವಾಗಿತ್ತು.

ನಾರ್ವೆ ದೇಶದಲ್ಲಿ ಇದರ ಫಲವು ಸ್ಪಷ್ಟವಾಗಿ ಕಾಣುವುದು. ಅಲ್ಲಿಯ ಡಾರ್ಕ್‌ಥ್ರೋನ್ ವೃಂದದವರು ಹೆಲ್‌ಹ್ಯಾಮರ್ ಮತ್ತು ಸೆಲ್ಟಿಕ್ ಫ್ರಾಸ್ಟ್‌ಗಳ ಋಣವನ್ನು ಬಹಿರಂಗವಾಗಿಯೇ ಒಪ್ಪಿದವರು. ಅವರ 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಮನೆಯಲ್ಲಿಯೇ ಸಣ್ಣ ಯಂತ್ರದಿಂದ ಮುದ್ರಿತವಾದುದು. ಒಳ್ಳೆಯ ಮುದ್ರಣಾಲಯವನ್ನು ಅವರು ಅದಕ್ಕೆ ಮೊದಲೇ ಕಂಡಿದ್ದರು; ಬುದ್ಧಿಪೂರ್ವಕವಾಗಿ ಅದನ್ನು ಬಿಟ್ಟರು. ಹತ್ತು ವರ್ಷಗಳ ಹಿಂದೆ ದಾರಿದ್ರ್ಯವಾಗಿದ್ದುದು ಇಲ್ಲಿ ದೀಕ್ಷೆಯಾಯಿತು. ಲಕ್ಷ್ಯವು ಮೊದಲು, ಲಕ್ಷಣವು ಅನಂತರ ಎಂಬ ವೈಯಾಕರಣರ ಕ್ರಮವು ಇಲ್ಲಿಯೂ ತಪ್ಪಲಿಲ್ಲ. ಲಕ್ಷ್ಯದ ಕರ್ತೃವೇ ಅದನ್ನು ಅಪಪ್ರಯೋಗವೆಂದು ಬಗೆದಿದ್ದನೆಂಬುದೊಂದೇ ವಿಶೇಷ.

ಮೂರು ಮೂಲಮುದ್ರಿಕೆಗಳೂ 2008ರಲ್ಲಿ ‘ಡೀಮನ್ ಎಂಟ್ರೇಲ್ಸ್’ ಎಂಬ ಹೆಸರಿನಿಂದ ಪರಿಷ್ಕೃತವಾಗಿ ಪ್ರಕಟವಾದುವು. ಈ ಪರಿಷ್ಕರಣವೇ ಇನ್ನು ಪ್ರಮಾಣ, ಹಳೆಯ ಕ್ಯಾಸೆಟ್ಟುಗಳು ನಿಷ್ಪ್ರಯೋಜಕ ಎಂಬ ಮತವು ಮೇಲ್ನೋಟಕ್ಕೆ ಯುಕ್ತವೆನಿಸುವುದು. ಕರ್ತೃವು ಏನನ್ನು ನುಡಿಸಿದನೆಂಬ ಪ್ರಶ್ನೆಗೆ ಅದು ಪ್ರಮಾಣವೇ ಸರಿ. ಅನ್ಯರು ಏನನ್ನು ಕೇಳಿ ಶಿಷ್ಯರಾದರೆಂಬ ಪ್ರಶ್ನೆಗಾದರೋ ಮಸುಕಾದ ನಾಲ್ಕನೆಯ ಐದನೆಯ ಪ್ರತಿಯೇ ಸಾಕ್ಷಿಯಲ್ಲದೆ ಪರಿಷ್ಕೃತ ಪಾಠವಲ್ಲ. ಏಕೆಂದರೆ ಆ ಪಾಠವನ್ನು 1980ರ ದಶಕದಲ್ಲಿ ಕೇಳಿದವರೇ ಇಲ್ಲ. ಕಾಂತೀಯ ನಾಡೆಯು ತಾಡವೋಲೆಯಷ್ಟು ಬಾಳುವ ವಸ್ತುವಲ್ಲ. ಅಂತಹ ಪ್ರತಿಗಳನ್ನು ಉಳಿಸಿಕೊಂಡಿರುವವರು ಯಾರಿಂದ, ಯಾವ ವರ್ಷ, ಯಾವ ಪ್ರತಿಯಿಂದ ಪಡೆದರೆಂಬುದನ್ನು ಹೊದಿಕೆಯ ಬರೆಹದೊಡನೆ ದಾಖಲಿಸಿಡುವುದು ಇನ್ನೂ ಆಗಬೇಕಾದ ಕಾರ್ಯ.

ಐನನು 2017ರಲ್ಲಿ ತೀರಿಕೊಂಡನು. ಫಿಷರನು 2019ರಲ್ಲಿ ‘ಟ್ರಯಂಫ್ ಆಫ್ ಡೆತ್’ ಎಂಬ ಹೆಸರಿನ ಹೊಸ ವೃಂದವನ್ನು ಕೂಡಿಸಿ, ಮೂವತ್ತೈದು ವರ್ಷಗಳ ಹಿಂದೆ ತಾನು ಬಿಟ್ಟುಬಂದಿದ್ದ ಗೀತಗಳನ್ನು ಸಭಿಕರ ಮುಂದೆ ನುಡಿಸಿದನು.