ನಾಣ್ಯವು ತೆರೆದ ಬಾಗಿಲು: 1968ರಲ್ಲಿ ಇಟಲಿಯ ಕಾಲ್ಚೆಂಡಾಟದ ವಿಜಯ ಮತ್ತು ಅದೃಷ್ಟದ ಪಾತ್ರ

ಗೆದ್ದವನು ತನ್ನ ಗೆಲುವನ್ನು ಸಾಮರ್ಥ್ಯದ ಲೆಕ್ಕದಲ್ಲಿಯೂ, ಸೋತವನು ತನ್ನ ಸೋಲನ್ನು ದುರದೃಷ್ಟದ ಲೆಕ್ಕದಲ್ಲಿಯೂ ಬರೆದುಕೊಳ್ಳುವುದು ಲೋಕರೂಢಿ. ಆಟದ ಮೈದಾನದಲ್ಲಿ ಈ ರೂಢಿ ಇನ್ನೂ ಪ್ರಬಲವಾದುದು. ಆದರೆ ಒಂದು ತಂಡದ ವಿಜಯಯಾತ್ರೆಯಲ್ಲಿ ಅದೃಷ್ಟದ ಪಾಲೆಷ್ಟು, ಪರಿಶ್ರಮದ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವ ಅವಕಾಶ ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ದೊರೆಯುವುದು ಅಪರೂಪ. 1968ರಲ್ಲಿ ಯೂರೋಪಿನ ಕಾಲ್ಚೆಂಡಾಟದ ಪ್ರಶಸ್ತಿಯನ್ನು ಗಳಿಸಿದ ಇಟಲಿಯ ತಂಡದ ಕಥೆಯಲ್ಲಿ ಆ ಅವಕಾಶವಿದೆ. ಏಕೆಂದರೆ ಆ ಯಾತ್ರೆಯ ಒಂದು ಹಂತದಲ್ಲಿ ಆಟಗಾರರ ಕಾಲುಗಳಲ್ಲ, ಒಂದು ನಾಣ್ಯವೇ ತೀರ್ಪು ನೀಡಿತು.

ಯೂರೋಪಿನ ರಾಷ್ಟ್ರಗಳ ನಡುವಣ ಈ ಪಂದ್ಯಾವಳಿಯ ಅಂತಿಮ ಹಂತವು ಮೊದಲಿಗೆ 1960ರಲ್ಲಿ ಫ್ರಾನ್ಸಿನಲ್ಲಿ ನಡೆಯಿತು. ಆಗ ಸೋವಿಯೆತ್ ಒಕ್ಕೂಟವು ಗೆದ್ದಿತು. 1964ರಲ್ಲಿ ಅದೇ ಸೋವಿಯೆತ್ ತಂಡವನ್ನು ಮ್ಯಾಡ್ರಿಡ್ ನಗರದಲ್ಲಿ 2-1 ಗೋಲುಗಳಿಂದ ಸೋಲಿಸಿ ಸ್ಪೇನ್ ಪ್ರಶಸ್ತಿ ಪಡೆಯಿತು. ಮೂರನೆಯ ಪಂದ್ಯಾವಳಿಗೆ 31 ರಾಷ್ಟ್ರಗಳು ಹೆಸರು ನೋಂದಾಯಿಸಿದವು. ಗುಂಪು ಪಂದ್ಯಗಳೂ ಕ್ವಾರ್ಟರ್ ಫೈನಲ್ ಪಂದ್ಯಗಳೂ ಆಯಾ ದೇಶಗಳಲ್ಲಿಯೇ ಮುಗಿದು, ಉಳಿದ ನಾಲ್ಕು ತಂಡಗಳು 1968ರ ಜೂನ್ ತಿಂಗಳಲ್ಲಿ ಇಟಲಿಯಲ್ಲಿ ಸೇರಿದವು. ಇಟಲಿ, ಸೋವಿಯೆತ್ ಒಕ್ಕೂಟ, ಯುಗೊಸ್ಲಾವಿಯ, ಮತ್ತು 1966ರ ವಿಶ್ವಕಪ್ ವಿಜೇತ ಇಂಗ್ಲೆಂಡ್, ಇವೇ ಆ ನಾಲ್ಕು.

ಅದೃಷ್ಟವೆಂದರೆ ಏನೆಂಬುದು ಇಟಲಿಯ ಜನರಿಗೆ ಆ ಹೊತ್ತಿಗೆ ಚೆನ್ನಾಗಿ ತಿಳಿದಿತ್ತು. 1966ರ ಜುಲೈ 19ರಂದು ಇಂಗ್ಲೆಂಡಿನ ಮಿಡಲ್ಸ್‌ಬರೋ ನಗರದಲ್ಲಿ ಅವರ ತಂಡವು ಉತ್ತರ ಕೊರಿಯದ ಎದುರು 1-0 ಗೋಲಿನಿಂದ ಸೋತು ವಿಶ್ವಕಪ್ಪಿನಿಂದ ಹೊರಬಿದ್ದಿತ್ತು. ಆ ಪಂದ್ಯದ ಮೊದಲರ್ಧದಲ್ಲಿಯೇ ಅವರ ನಾಯಕ ಬುಲ್ಗರೆಲ್ಲಿ ಗಾಯಗೊಂಡು ಹೊರನಡೆದರು. ಗಾಯಾಳುವಿನ ಸ್ಥಾನಕ್ಕೆ ಮತ್ತೊಬ್ಬನನ್ನು ಇಳಿಸುವ ನಿಯಮ ಆಗ ಇರಲಿಲ್ಲವಾದ್ದರಿಂದ ಉಳಿದ ಹತ್ತು ಮಂದಿಯೇ ಆಡಬೇಕಾಯಿತು. ತಾಯ್ನಾಡಿಗೆ ಮರಳಿದ ಆಟಗಾರರನ್ನು ಜಿನೋವಾ ನಗರದಲ್ಲಿ ಜನರು ಟೊಮೇಟೊ ಹಣ್ಣುಗಳನ್ನೆಸೆದು ‘ಸ್ವಾಗತಿಸಿದರು’. ಹತ್ತು ಮಂದಿ ಆಡಿದರೆಂಬ ನೆಪವನ್ನು ಯಾರೂ ಕೇಳಲಿಲ್ಲ. ದುರದೃಷ್ಟವು ಸೋತವನ ಪರವಾಗಿ ಸಾಕ್ಷಿ ನುಡಿದರೂ ಆ ಸಾಕ್ಷ್ಯಕ್ಕೆ ಲೋಕದಲ್ಲಿ ಬೆಲೆ ಕಡಿಮೆ.

ಈ ಅವಮಾನದ ಬಳಿಕ ತಂಡವನ್ನು ಮತ್ತೆ ಕಟ್ಟುವ ಹೊಣೆ ತರಬೇತುದಾರ ಫೆರುಚ್ಚೊ ವಾಲ್ಕರೆಜ್ಜಿಯವರ ಮೇಲೆ ಬಿದ್ದಿತು. ರುಮೇನಿಯ, ಸ್ವಿಟ್ಜರ್ಲೆಂಡ್ ಹಾಗೂ ಸೈಪ್ರಸ್ ಇದ್ದ ಗುಂಪಿನಲ್ಲಿ ಇಟಲಿಯು ಆರು ಪಂದ್ಯಗಳಲ್ಲಿ ಐದನ್ನು ಗೆದ್ದು ಒಂದನ್ನು ಸಮ ಮಾಡಿಕೊಂಡಿತು. ಇಲ್ಲಿ ಅದೃಷ್ಟವನ್ನು ಹುಡುಕಬೇಕಾದುದಿಲ್ಲ. ಆದರೆ 1968ರ ಏಪ್ರಿಲ್ 6ರಂದು ಸೋಫಿಯಾ ನಗರದಲ್ಲಿ ಬಲ್ಗೇರಿಯದೆದುರು ನಡೆದ ಕ್ವಾರ್ಟರ್ ಫೈನಲಿನ ಮೊದಲ ಪಂದ್ಯದಲ್ಲಿ ತಂಡವು 3-2ರಿಂದ ಸೋತಿತು. ಅಷ್ಟೇ ಅಲ್ಲ, ಹಿಂಸಾಲಿನ ಆಧಾರಸ್ತಂಭವಾಗಿದ್ದ ಅರ್ಮಾಂಡೊ ಪಿಕ್ಕಿಯವರ ಸೊಂಟದ ಎಲುಬು ಮುರಿಯಿತು. ಗೋಲುರಕ್ಷಕ ಅಲ್ಬೆರ್ತೋಸಿಯವರೂ ಗಾಯಾಳುವಾದರು.

ಹದಿನಾಲ್ಕು ದಿನಗಳ ಅನಂತರ, ಏಪ್ರಿಲ್ 20ರಂದು, ನೇಪಲ್ಸ್ ನಗರದಲ್ಲಿ ಎರಡನೆಯ ಪಂದ್ಯ. ಅಲ್ಬೆರ್ತೋಸಿಯವರ ಸ್ಥಾನದಲ್ಲಿ ಅಂದು ಮೊದಲ ಬಾರಿಗೆ ರಾಷ್ಟ್ರದ ಅಂಗಿ ತೊಟ್ಟವರು 26 ವರ್ಷದ ದೀನೊ ಜೋಫ್. ಅವರು ಅದೇ ನಗರದ ನಪೊಲಿ ಸಂಘದ ಆಟಗಾರರು. ಇಟಲಿ 2-0ಯಿಂದ ಗೆದ್ದು ಮುಂದಿನ ಹಂತಕ್ಕೆ ಏರಿತು. ಇದೇ ಜೋಫ್ 1982ರಲ್ಲಿ ತಮ್ಮ 40ನೆಯ ವಯಸ್ಸಿನಲ್ಲಿ ನಾಯಕರಾಗಿ ವಿಶ್ವಕಪ್ ಎತ್ತಿಹಿಡಿದವರು. ಒಬ್ಬನ ಗಾಯವು ಮತ್ತೊಬ್ಬನ ಭಾಗ್ಯವಾಯಿತೆಂದು ಹೇಳುವುದು ಸುಲಭ. ಆದರೆ ಕರೆ ಬಂದ ದಿನ ಅದಕ್ಕೆ ಸಿದ್ಧನಾಗಿ ಒಬ್ಬನು ಅಲ್ಲಿ ಇದ್ದನೆಂಬುದನ್ನು ನಾವು ಮರೆಯಬಾರದು.

ಜೂನ್ 5ರಂದು ಉಪಾಂತ್ಯ ಪಂದ್ಯಗಳು ನಡೆದವು. ಫ್ಲಾರೆನ್ಸ್ ನಗರದಲ್ಲಿ ಯುಗೊಸ್ಲಾವಿಯವು ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ದ್ರಾಗಾನ್ ಜಾಯಿಚ್ ಹೊಡೆದ ಗೋಲಿನಿಂದ ಇಂಗ್ಲೆಂಡನ್ನು ಸೋಲಿಸಿತು. ಇಟಲಿ ಮತ್ತು ಸೋವಿಯೆತ್ ತಂಡಗಳು ನೇಪಲ್ಸ್ ನಗರದಲ್ಲಿ, ಆಗ ಸಂತ ಪೌಲರ ಹೆಸರನ್ನು ಹೊತ್ತಿದ್ದ, 2020ರಿಂದ ಮರಡೋನಾರ ಹೆಸರು ಪಡೆದಿರುವ ಕ್ರೀಡಾಂಗಣದಲ್ಲಿ ಎದುರಾದವು. ಆಟದ ಆರಂಭದಲ್ಲಿಯೇ ಇಟಲಿಯ ಶ್ರೇಷ್ಠ ಆಟಗಾರ ಜಾನ್ನಿ ರಿವೇರಾ ಗಾಯಗೊಂಡರು. ಮುಂದೆ ಹಿಂಸಾಲಿನ ಬೆರ್ಚೆಲ್ಲೀನೊ ಅವರಿಗೂ ಪೆಟ್ಟಾಯಿತು. ಮಿಡಲ್ಸ್‌ಬರೋ ನಗರದಲ್ಲಿ ಶಾಪವಾಗಿದ್ದ ಅದೇ ನಿಯಮವು ಇಲ್ಲಿಯೂ ಜಾರಿಯಲ್ಲಿತ್ತು. ಬದಲಿ ಆಟಗಾರರಿಗೆ ಅವಕಾಶವಿರಲಿಲ್ಲ. ಕುಂದಿದ ಬಲದಿಂದಲೇ ಇಟಲಿಯು ತೊಂಬತ್ತು ನಿಮಿಷಗಳನ್ನೂ, ಹೆಚ್ಚುವರಿಯಾದ ಮೂವತ್ತು ನಿಮಿಷಗಳನ್ನೂ ಗೋಲು ಬಿಟ್ಟುಕೊಡದೆ ಕಳೆಯಿತು. ಹೆಚ್ಚುವರಿ ಆಟದಲ್ಲಿ ದೊಮೆಂಗೀನಿಯವರು ಒದ್ದ ಚೆಂಡು ಗೋಲುಕಂಬಕ್ಕೆ ಬಡಿದು ಹಿಂದಿರುಗಿತು. 120 ನಿಮಿಷಗಳ ಕೊನೆಯಲ್ಲಿ ಎರಡೂ ಕಡೆ ಸೊನ್ನೆ.

ಅಂತಿಮ ಪಂದ್ಯವು ಸಮವಾದರೆ ಮರುಪಂದ್ಯ ನಡೆಸುವ ಏರ್ಪಾಡಿತ್ತು. ಉಪಾಂತ್ಯ ಪಂದ್ಯಕ್ಕೆ ಆ ಏರ್ಪಾಡು ಇರಲಿಲ್ಲ. ನಾಣ್ಯ ಚಿಮ್ಮಿ ನಿರ್ಣಯಿಸಬೇಕಾಗಿತ್ತು. ಪಶ್ಚಿಮ ಜರ್ಮನಿಯ ತೀರ್ಪುಗಾರ ಕುರ್ಟ್ ಚೆನ್ಶರ್ ಅವರು ಇಟಲಿಯ ನಾಯಕ ಜಾಚಿಂತೊ ಫಾಕೆಟ್ಟಿ ಹಾಗೂ ಸೋವಿಯೆತ್ ನಾಯಕ ಆಲ್ಬರ್ಟ್ ಶೆಸ್ಟರ್‌ನ್ಯೋವ್ ಅವರನ್ನು ಒಳಗಿನ ಕೊಠಡಿಗೆ ಕರೆದೊಯ್ದರು. ಹೊರಗೆ ಮೈದಾನದ ಸುತ್ತ ತುಂಬಿದ ಜನಸ್ತೋಮವು ಏನೊಂದನ್ನೂ ಕಾಣಲಾರದೆ ಕಾದು ನಿಂತಿತ್ತು. ಫಾಕೆಟ್ಟಿ ‘ಟೇಲ್’ ಎಂದರು. ನಾಣ್ಯವೂ ಹಾಗೆಯೇ ಬಿದ್ದಿತು. ಅವರು ಮೆಟ್ಟಿಲುಗಳನ್ನೇರಿ ಮೈದಾನಕ್ಕೆ ಓಡಿಬಂದು ಸಂತೋಷವನ್ನು ಪ್ರಕಟಿಸಿದಾಗಲೇ ತಮ್ಮ ದೇಶವು ಅಂತಿಮ ಪಂದ್ಯಕ್ಕೆ ಸೇರಿತೆಂಬುದು ಜನರಿಗೆ ತಿಳಿದುಬಂದಿತು.

ಇಲ್ಲಿ ನಾವು ಸ್ವಲ್ಪ ನಿಂತು ಆಲೋಚಿಸಬೇಕು. ಆ ನಾಣ್ಯದ ತೀರ್ಪಿನಲ್ಲಿ ಯೋಗ್ಯತೆಯ ಅಂಶವು ಎಳ್ಳಷ್ಟೂ ಇರಲಿಲ್ಲ. ಸ್ವದೇಶದ ಮೈದಾನ, ಜನರ ಕೂಗು, ತರಬೇತುದಾರನ ತಂತ್ರ, ಯಾವುದೂ ಆ ಲೋಹದ ತುಂಡಿನ ಮೇಲೆ ಪ್ರಭಾವ ಬೀರಲಾರದು. ಸೋವಿಯೆತ್ ಆಟಗಾರರೂ ಅದೇ 120 ನಿಮಿಷಗಳ ಕಾಲ ತಮ್ಮ ಗೋಲನ್ನು ಕಾಪಾಡಿದ್ದರು, ಅದೂ ಪರಸ್ಥಳದಲ್ಲಿ. ಕ್ವಾರ್ಟರ್ ಫೈನಲಿನಲ್ಲಿ ಹಂಗೇರಿಯ ಎದುರು ಬುಡಾಪೆಸ್ಟಿನಲ್ಲಿ 2-0ಯಿಂದ ಸೋತು, ಮಾಸ್ಕೋದಲ್ಲಿ 3-0ಯಿಂದ ಗೆದ್ದು ಬಂದ ಛಲಗಾರರು ಅವರು. ದಾಖಲೆಯ ಪುಸ್ತಕಗಳಲ್ಲಿ ಆ ಪಂದ್ಯವು ಇಂದಿಗೂ ಸಮಪಂದ್ಯವೆಂದೇ ಇದೆ. ಅವರು ಸೋಲಲಿಲ್ಲ, ಹೊರಗೆ ಹೋದರು, ಅಷ್ಟೆ.

ಆದರೆ ನಾಣ್ಯವು ಇಟಲಿಗೆ ಪ್ರಶಸ್ತಿಯನ್ನು ಕೊಡಲಿಲ್ಲ ಎಂಬುದೂ ಅಷ್ಟೇ ನಿಜ. ಅದು ಕೊಟ್ಟದ್ದು ಒಂದು ಬಾಗಿಲನ್ನು ಮಾತ್ರ. ಜೂನ್ 8ರಂದು ರೋಮಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಯುಗೊಸ್ಲಾವಿಯದ ತರುಣರು ಇಟಲಿಗಿಂತ ಮೇಲಾಗಿ ಆಡಿದರು. 39ನೆಯ ನಿಮಿಷದಲ್ಲಿ ಜಾಯಿಚ್ ಗೋಲು ಹೊಡೆದರು. ಅಂದು ಮೊದಲ ಬಾರಿಗೆ ರಾಷ್ಟ್ರತಂಡದಲ್ಲಿ ಆಡಿದ 20 ವರ್ಷದ ಪಿಯೆತ್ರೊ ಅನಾಸ್ತಾಸಿಯವರಿಗೂ ದಾರಿ ಸಿಗಲಿಲ್ಲ. 80ನೆಯ ನಿಮಿಷದಲ್ಲಿ ದೊಮೆಂಗೀನಿಯವರು ಒದ್ದ ಫ್ರೀ ಕಿಕ್ ಎದುರಾಳಿಗಳು ಕಟ್ಟಿದ್ದ ಗೋಡೆಯ ನಡುವೆ ತೂರಿ ಗೋಲು ಸೇರಿತು. ಪಂದ್ಯವು 1-1ರಲ್ಲಿ ನಿಂತಿತು. ಮೂರು ದಿನಗಳ ಹಿಂದೆ ಗೋಲುಕಂಬವು ಯಾರ ಚೆಂಡನ್ನು ತಡೆದಿತ್ತೋ ಅವರದೇ ಚೆಂಡಿಗೆ ಇಂದು ದಾರಿಯಾಯಿತು. ಅದೃಷ್ಟವು ಸಾಲವನ್ನು ತೀರಿಸಿತೆಂದು ಭಾವಿಸಿದವರಿದ್ದರೆ ಆಶ್ಚರ್ಯವಿಲ್ಲ.

ಎರಡೇ ದಿನಗಳ ಬಳಿಕ, ಜೂನ್ 10ರಂದು ಮರುಪಂದ್ಯ. ಈ ಕಥೆಯ ಮರ್ಮವು ನಮ್ಮ ಅಭಿಪ್ರಾಯದಲ್ಲಿ ಇಲ್ಲಿಯೇ ಇದೆ. ವಾಲ್ಕರೆಜ್ಜಿಯವರು ಐವರನ್ನು ಬದಲಿಸಿದರು. ರೊಸಾತೊ, ಸಾಲ್ವದೋರೆ, ಮಾತ್ಸೊಲ, ದೆ ಸಿಸ್ತಿ ಮತ್ತು ರೀವಾ, ಈ ಐವರು ದಣಿವಿಲ್ಲದ ಕಾಲುಗಳೊಡನೆ ಮೈದಾನಕ್ಕಿಳಿದರು. ಯುಗೊಸ್ಲಾವಿಯ ಬದಲಿಸಿದ್ದು ಒಬ್ಬರನ್ನು ಮಾತ್ರ. ಉಳಿದವರೆಲ್ಲ ಎರಡು ದಿನಗಳ ಹಿಂದಿನ 120 ನಿಮಿಷಗಳ ಆಯಾಸವನ್ನು ಹೊತ್ತೇ ಬಂದರು. 12ನೆಯ ನಿಮಿಷದಲ್ಲಿ ಜಿಜಿ ರೀವಾ, 31ನೆಯ ನಿಮಿಷದಲ್ಲಿ ಅನಾಸ್ತಾಸಿ ಗೋಲು ಹೊಡೆದರು. 2-0ಯಿಂದ ಇಟಲಿ ಯೂರೋಪಿನ ವಿಜೇತ ರಾಷ್ಟ್ರವಾಯಿತು. ರೀವಾ ಅವರ ಎಡಗಾಲು 1967ರ ಮಾರ್ಚ್ ತಿಂಗಳಲ್ಲಿ ಅದೇ ರೋಮಿನಲ್ಲಿ, ಪೋರ್ಚುಗಲ್ ಎದುರಿನ ಪಂದ್ಯದಲ್ಲಿ ಮುರಿದಿತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು. ನಾಣ್ಯವು ಅಂತಿಮ ಪಂದ್ಯಕ್ಕೆ ದಾರಿ ಕೊಟ್ಟಿತು, ಒಂದು ಫ್ರೀ ಕಿಕ್ ಮತ್ತೊಂದು ದಿನವನ್ನು ಕೊಟ್ಟಿತು. ಆ ದಿನವನ್ನು ತುಂಬಲು ಹೊಸ ಐವರನ್ನು ಸಿದ್ಧವಾಗಿಟ್ಟದ್ದು ಅದೃಷ್ಟವಲ್ಲ. ಎರಡು ವರ್ಷಗಳ ನಂತರ, 1970ರಲ್ಲಿ, ಇವರಲ್ಲಿ ಅನೇಕರು ಮೆಕ್ಸಿಕೋದಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದುದು ಈ ಮಾತಿಗೆ ಪುರಾವೆ.

ಅದೃಷ್ಟದ ಬಾಗಿಲು ತೆರೆದ ಮಾತ್ರಕ್ಕೆ ಪ್ರಶಸ್ತಿ ಸಿಗುವುದಿಲ್ಲವೆಂಬುದಕ್ಕೆ ಮತ್ತೊಂದು ನಿದರ್ಶನವಿದೆ. 1969ರ ನವೆಂಬರಿನಲ್ಲಿ ಲಿಸ್ಬನ್ ನಗರದಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಸಂಘವು ಬೆನ್‌ಫಿಕಾ ಸಂಘವನ್ನು ಇದೇ ರೀತಿ ನಾಣ್ಯದಿಂದಲೇ ದಾಟಿತು. ಮುಂದೆ 1970ರ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯದವರೆಗೂ ಹೋಯಿತು. ಅಲ್ಲಿ ಹಾಲೆಂಡಿನ ಫೆಯೆನೂರ್ಡ್ ಸಂಘವು ಅದನ್ನು ಸೋಲಿಸಿತು.

ಆದರೂ ಬೆವರಿನ ಫಲವನ್ನು ನಾಣ್ಯಕ್ಕೊಪ್ಪಿಸುವ ಪದ್ಧತಿಯು ನ್ಯಾಯವೆಂದು ಹೇಳಲಾಗದು. 1968ರ ಅಕ್ಟೋಬರಿನಲ್ಲಿ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಇಸ್ರೇಲ್ ತಂಡವು ಬಲ್ಗೇರಿಯದೊಡನೆ 1-1ರಲ್ಲಿ ಸಮ ಮಾಡಿಕೊಂಡು, ಚೀಟಿ ಎತ್ತುವುದರಲ್ಲಿ ಸೋತಿತು. ಇದರಿಂದ ನೊಂದ ಇಸ್ರೇಲಿನ ಕ್ರೀಡಾಧಿಕಾರಿ ಯೋಸೆಫ್ ದಗಾನ್ ಅವರು ಪೆನಾಲ್ಟಿ ಒದೆತಗಳ ಮೂಲಕ ನಿರ್ಣಯಿಸುವ ಸಲಹೆಯನ್ನು ಮುಂದಿಟ್ಟರು. 1970ರ ಜೂನ್ ತಿಂಗಳಲ್ಲಿ ಆಟದ ನಿಯಮಗಳ ಮಂಡಳಿಯು ಈ ವಿಧಾನವನ್ನು ಅಂಗೀಕರಿಸಿತು. ನಮ್ಮ ಭಾರತದಲ್ಲಿ ಮತ್ತೊಂದು ಉದಾರವಾದ ದಾರಿಯೂ ರೂಢಿಯಲ್ಲಿತ್ತು. 1960ರ ಡುರಾಂಡ್ ಕಪ್ಪನ್ನು ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಸಂಘಗಳು ಜಂಟಿಯಾಗಿ ಪಡೆದವು. 1982-83ರ ಸಂತೋಷ್ ಟ್ರೋಫಿಯನ್ನು ಬಂಗಾಳ ಮತ್ತು ಗೋವಾ ಹಂಚಿಕೊಂಡವು. ಸಮಬಲರಾದ ಇಬ್ಬರನ್ನು ಸಮಾನವಾಗಿ ಗೌರವಿಸುವ ಆ ಕ್ರಮದಲ್ಲಿ ಒಂದು ಘನತೆ ಇದ್ದಿತೆಂದು ನಾವು ಬಗೆಯುತ್ತೇವೆ.

ಹೊಸ ನಿಯಮದಿಂದ ಅದೃಷ್ಟವು ಮೈದಾನವನ್ನು ಬಿಟ್ಟು ಹೋಯಿತೇ? ಇಲ್ಲ. ಇಟಲಿಯು ಎರಡನೆಯ ಬಾರಿ ಯೂರೋಪಿನ ಪ್ರಶಸ್ತಿ ಪಡೆಯಲು 53 ವರ್ಷ ಕಾಯಬೇಕಾಯಿತು. 2021ರ ಜುಲೈ ತಿಂಗಳಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಉಪಾಂತ್ಯದಲ್ಲಿ ಸ್ಪೇನನ್ನೂ, ಅಂತಿಮದಲ್ಲಿ ಇಂಗ್ಲೆಂಡನ್ನೂ ಅದು ಪೆನಾಲ್ಟಿ ಒದೆತಗಳಿಂದಲೇ ಗೆದ್ದಿತು. ಯಾವ ಗೋಲಿನತ್ತ ಒದೆಯಬೇಕು, ಯಾರು ಮೊದಲು ಒದೆಯಬೇಕು ಎಂಬುದನ್ನು ಈಗಲೂ ನಾಣ್ಯವೇ ಹೇಳುತ್ತದೆ. ಆದರೆ ಅದರ ಅಧಿಕಾರವು ಅಲ್ಲಿಗೆ ಮುಗಿಯುತ್ತದೆ. ಚೆಂಡನ್ನು ಮನುಷ್ಯನೇ ಒದೆಯಬೇಕು, ಮನುಷ್ಯನೇ ತಡೆಯಬೇಕು.

ಈ ಇತಿಹಾಸದಿಂದ ನಮ್ಮ ಊರಿನ ಯುವಕರು ಎರಡು ಮಾತುಗಳನ್ನು ಗ್ರಹಿಸಬಹುದು. ಗೆದ್ದವರು ತಮ್ಮ ಗೆಲುವಿನಲ್ಲಿದ್ದ ಅದೃಷ್ಟದ ಪಾಲನ್ನು ಒಪ್ಪಿಕೊಂಡರೆ ಅವರ ಶ್ರಮದ ಬೆಲೆ ಕುಂದುವುದಿಲ್ಲ. ಸೋತವರು ಅದೃಷ್ಟವನ್ನು ದೂರುವುದಕ್ಕೆ ಮೊದಲು, ಅದೇ ಬಾಗಿಲು ತಮಗೆ ತೆರೆದಿದ್ದರೆ ಒಳಗೆ ಕಾಲಿಡಲು ತಾವು ಸಿದ್ಧರಿದ್ದೆವೇ ಎಂದು ಕೇಳಿಕೊಳ್ಳುವುದು ಲೇಸು. ಚರಿತ್ರೆ ಬರೆಯುವವರಿಗೆ ಮೂರನೆಯದೊಂದು ಕರ್ತವ್ಯವಿದೆ. 1968ರ ವಿಜೇತರನ್ನು ನೆನೆಯುವಾಗಲೆಲ್ಲ ಫಾಕೆಟ್ಟಿಯವರ ಹೆಸರಿನ ಪಕ್ಕದಲ್ಲಿ, ಆ ಕೊಠಡಿಯಿಂದ ಮೌನವಾಗಿ ಹೊರಬಂದ ಶೆಸ್ಟರ್‌ನ್ಯೋವ್ ಅವರ ಹೆಸರನ್ನೂ ಬರೆಯುವುದು ನ್ಯಾಯ.