ಫಾರೆಸ್ಟ್ ಅಂದ್ರೆ ಬರೀ ಕಾಡಲ್ಲ

ಇವತ್ತಿನ ಸಂಚಿಕೆಗೆ ನಾನು ಆರಿಸಿಕೊಂಡಿರೋ ಪದ ‘ಫಾರೆಸ್ಟ್’. ಅದರಲ್ಲೇನಿದೆ, ಫಾರೆಸ್ಟ್ ಅಂದ್ರೆ ಕಾಡು, ಶಾಲೆ ಮಕ್ಕಳಿಗೂ ಗೊತ್ತು ಅಂತೀರಾ? ಹಾಗಾದರೆ ಚಾಮರಾಜನಗರ ಜಿಲ್ಲೆಯ ಕಾಡಂಚಿನ ಊರುಗಳಲ್ಲಿ, ಅದರಲ್ಲೂ ಗುಂಡ್ಲುಪೇಟೆ ಕಡೆ, ಜನ ಈ ಪದವನ್ನು ಹೇಗೆ ಬಳಸ್ತಾರೆ ಅಂತ ಕಿವಿಗೊಟ್ಟು ಕೇಳಿ.

ಸೌದೆಗೆ ಹೋದವರು ‘ಕಾಡಿಗೆ ಹೋಗಿದ್ದೆ’ ಅಂತಾರೆ. ಆನೆ ಬಂದದ್ದು ಕಾಡಿನಿಂದ. ಜೇನು ಸಿಕ್ಕಿದ್ದು ಕಾಡಲ್ಲಿ. ಆದರೆ ‘ಫಾರೆಸ್ಟ್‌ನೋರು ಬಂದವ್ರೆ’, ‘ಫಾರೆಸ್ಟ್‌ನೋರು ಕೇಸ್ ಹಾಕವ್ರೆ’, ‘ಆ ಜಮೀನು ಫಾರೆಸ್ಟಿಗೆ ಸೇರೋಯ್ತು’. ಅಂದರೆ ಇಲ್ಲಿನ ಮಾತಿನಲ್ಲಿ ಕಾಡು ಅಂದ್ರೆ ಮರ, ಮೃಗ, ನೀರು. ಫಾರೆಸ್ಟ್ ಅಂದ್ರೆ ಗಡಿ, ಗಾರ್ಡು, ಚೆಕ್‌ಪೋಸ್ಟು, ಕಾನೂನು. ಇಂಗ್ಲಿಷ್ ಬಾರದವರು ಪದವನ್ನು ತಪ್ಪಾಗಿ ಬಳಸ್ತಿದ್ದಾರೆ ಅಂದುಕೊಳ್ಳಬೇಡಿ. ಚರಿತ್ರೆ ತೆಗೆದು ನೋಡಿದರೆ ಆ ಪದದ ಹಳೇ ಅರ್ಥವೇ ಅದು.

ಫಾರೆಸ್ಟ್ ಇಂಗ್ಲಿಷಿಗೆ ಬಂದದ್ದು ಹಳೇ ಫ್ರೆಂಚಿನಿಂದ, ಅಲ್ಲಿಗೆ ಬಂದದ್ದು ಲ್ಯಾಟಿನ್‌ನಿಂದ. ಲ್ಯಾಟಿನ್‌ನಲ್ಲಿ ಮರಗಳ ಕಾಡಿಗೆ ‘ಸಿಲ್ವಾ’ ಅನ್ನೋ ಬೇರೆ ಪದವೇ ಇತ್ತು. ‘ಫಾರೆಸ್ಟಿಸ್’ ಅಂದರೆ ರಾಜ ತನಗಾಗಿ ಬೇರ್ಪಡಿಸಿ ಇಟ್ಟುಕೊಂಡ ನೆಲ. ಇದರ ಬೇರು ‘ಫೋರಿಸ್’, ಅಂದರೆ ಹೊರಗೆ, ಅನ್ನೋದು ಬಹಳ ವಿದ್ವಾಂಸರ ಅಭಿಪ್ರಾಯ. ಪರದೇಶಿ ಅನ್ನೋ ಅರ್ಥದ ‘ಫಾರಿನ್’ ಕೂಡ ಅದೇ ಬೇರಿನದು.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ. ಸುಮಾರು 1079ರಲ್ಲಿ ‘ನ್ಯೂ ಫಾರೆಸ್ಟ್’ ಮಾಡಿದ. ಮಾಡಿದ ಅಂದರೆ ಗಿಡ ನೆಟ್ಟ ಅಂತ ಅಲ್ಲ, ಅಷ್ಟು ನೆಲವನ್ನು ತನ್ನ ಬೇಟೆಯ ಕಾನೂನಿಗೆ ಒಳಪಡಿಸಿದ. ಅದರೊಳಗೆ ಬಯಲಿತ್ತು, ಹಳ್ಳಿಗಳಿದ್ದವು, ಮನುಷ್ಯರಿದ್ದರು. ಅವರು ಜಿಂಕೆ ಮುಟ್ಟುವಂತಿಲ್ಲ. ಸಾಕಿದ ನಾಯಿ ಜಿಂಕೆಯ ಹಿಂದೆ ಓಡಬಾರದು ಅಂತ ಅದರ ಮುಂಗಾಲಿನ ಉಗುರು ಕತ್ತರಿಸೋ ನಿಯಮವೂ ಬಂತು. ಜನರ ಸಿಟ್ಟು ಬೆಳೆದು 1217ರಲ್ಲಿ ‘ಫಾರೆಸ್ಟ್ ಚಾರ್ಟರ್’ ಹೊರಬಿತ್ತು. ಜಿಂಕೆ ಕೊಂದದ್ದಕ್ಕೆ ಪ್ರಾಣ, ಅಂಗ ತೆಗೆಯೋ ಹಾಗಿಲ್ಲ ಅಂತ ಅದು ಹೇಳಿತು. ಹಂದಿ ಮೇಯಿಸೋದು ಮುಂತಾದ ಹಕ್ಕುಗಳನ್ನೂ ಒಪ್ಪಿಕೊಂಡಿತು.

ಈಗ ನಮ್ಮ ಕಡೆ ಬನ್ನಿ. ಬ್ರಿಟಿಷರು 1864ರಲ್ಲಿ ಫಾರೆಸ್ಟ್ ಇಲಾಖೆ ಶುರು ಮಾಡಿದರು. 1878ರ ಕಾಯ್ದೆ ‘ರಿಸರ್ವ್ ಫಾರೆಸ್ಟ್’ ಅನ್ನೋ ವರ್ಗವನ್ನು ಗಟ್ಟಿ ಮಾಡಿತು. ಮೈಸೂರು ಸಂಸ್ಥಾನಕ್ಕೆ 1900ರಲ್ಲಿ ತನ್ನದೇ ಅರಣ್ಯ ನಿಯಮಾವಳಿ ಬಂತು. ಇವತ್ತು ಚಾಮರಾಜನಗರ ಜಿಲ್ಲೆಯಲ್ಲಿರೋ ಕೊಳ್ಳೇಗಾಲ ಆಗ ಮದ್ರಾಸಿಗೆ ಸೇರಿತ್ತು. 1956ರವರೆಗೂ ಅಲ್ಲಿನ ಕಾಡಿಗೆ ಮದ್ರಾಸಿನ ಕಾನೂನು. ಮಲೆ ಒಂದೇ, ಫಾರೆಸ್ಟ್ ಎರಡು!

ಬಂಡೀಪುರದ ಕಥೆಯಂತೂ ನ್ಯೂ ಫಾರೆಸ್ಟಿನ ತಮ್ಮನ ಹಾಗೆ. ಮೈಸೂರು ಅರಸರ ಬೇಟೆಯ ಕಾಡು 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ಹೆಸರು ಬಂದದ್ದು ಗೋಪಾಲಸ್ವಾಮಿ ಬೆಟ್ಟದ ದೇವರಿಂದ. 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ಯೋಜನೆಗಳಲ್ಲಿ ಅದೂ ಒಂದಾಯಿತು. ಬೇಟೆಗೆ ಕಾದಿಟ್ಟ ನೆಲವೇ ಹುಲಿ ಉಳಿಸೋ ನೆಲ ಆಯ್ತು. ಬೇಲಿಯ ಉದ್ದೇಶ ಬದಲಾಯ್ತು, ಬೇಲಿ ಉಳೀತು.

ನಮ್ಮ ‘ಅರಣ್ಯ’ವೂ ಸಾಚಾ ಅಲ್ಲ ನೋಡಿ. ಸಂಸ್ಕೃತದಲ್ಲಿ ಅದರ ಬೇರು ‘ಅರಣ’, ಅಂದರೆ ದೂರದ್ದು, ಪರರದ್ದು. ಫಾರೆಸ್ಟ್, ಅರಣ್ಯ ಎರಡೂ ಊರೊಳಗೆ ಕೂತು ಹೊರಗೆ ಬೆರಳು ತೋರಿಸಿದವರ ಪದಗಳು. ಕಾಡಿನೊಳಗೇ ಹುಟ್ಟಿದವರಿಗೆ ಅದು ಹೊರಗು ಹೇಗಾಗುತ್ತೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೇ ತಗೊಳ್ಳಿ. ಅವರ ದೊಡ್ಡಸಂಪಿಗೆ ಒಂದು ಮರವೂ ಹೌದು, ದೇವರೂ ಹೌದು. 1972ರ ವನ್ಯಜೀವಿ ಕಾಯ್ದೆಯ ನಂತರ, 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಒಳಗಿದ್ದ ಪೋಡುಗಳು ಜಾಗ ಬಿಡಬೇಕಾಯ್ತು, ಬೇಸಾಯದ ಹಳೇ ರೀತಿ ನಿಂತಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಆಧಾರದ ಮೇಲೆ 2011ರಲ್ಲಿ ಅಲ್ಲಿನ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಇಂಗ್ಲೆಂಡಿನ ಚಾರ್ಟರಿಗೂ ನಮ್ಮ ಕಾಯ್ದೆಗೂ ನಡುವೆ 789 ವರ್ಷ. ಕೇಳಿದ ಪ್ರಶ್ನೆ ಮಾತ್ರ ಒಂದೇ: ಒಳಗಿರೋ ಜನರ ಹಕ್ಕೇನು?

ಈ ಪದದ ಅರ್ಥ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಕೋರ್ಟು, ಒಡೆತನ ಯಾರದೇ ಇರಲಿ, ಫಾರೆಸ್ಟ್ ಪದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕು ಅಂದಿತು. ಇದರಿಂದ ಎಷ್ಟೋ ಕಾಡು ಉಳಿಯಿತು, ಅದನ್ನು ಮರೆಯೋ ಹಾಗಿಲ್ಲ. ಇಲಾಖೆ ಇರದಿದ್ದರೆ ಬಂಡೀಪುರವೂ ಇಷ್ಟು ಉಳೀತಿರಲಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೆದ್ದಾರಿ ಮುಚ್ಚೋದರಿಂದಲೇ ಅಲ್ವಾ ಪ್ರಾಣಿಗಳು ನೆಮ್ಮದಿಯಾಗಿ ರಸ್ತೆ ದಾಟೋದು?

ಆದರೂ 2025ರ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಏನಾಯ್ತು ನೆನಪಿದೆಯಾ? ಹುಲಿ ಹಿಡಿಯೋಕೆ ಇಟ್ಟ ಬೋನಿನೊಳಗೆ ಸಿಟ್ಟಿಗೆದ್ದ ಜನ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಅದು ಸರಿ ಅಂತ ನಾನು ಹೇಳಲ್ಲ. ಹುಲಿ ಬಂದದ್ದು ಕಾಡಿಂದ, ಜನ ಉತ್ತರ ಕೇಳಿದ್ದು ಫಾರೆಸ್ಟನ್ನ. ಕಾಡು ನಮ್ಮದು, ಫಾರೆಸ್ಟ್ ಅವರದು ಅನ್ನೋ ಭಾವನೆ ಇರೋವರೆಗೆ ಹುಲಿಗೂ ಕ್ಷೇಮ ಇಲ್ಲ, ದನ ಕಳೆದುಕೊಂಡ ರೈತನಿಗೂ ಇಲ್ಲ. ಇಲಾಖೆಯ ಮಾತುಕತೆಯಲ್ಲಿ ‘ಫಾರೆಸ್ಟ್’ ಅನ್ನೋ ಕಡೆ ‘ಕಾಡು’ ಅನ್ನೋ ಪದ ಬರೋ ದಿನ, ಊರಿನವರೂ ಅದನ್ನು ಕಾಯೋಕೆ ಜೊತೆಗೆ ನಿಲ್ತಾರೆ ಅನ್ನೋದು ನನ್ನ ನಂಬಿಕೆ.

ನಿಮ್ಮೂರ ಮಾತಿನಲ್ಲಿ ಹೀಗೆ ಅರ್ಥ ಬದಲಿಸಿಕೊಂಡ ಇಂಗ್ಲಿಷ್ ಪದ ಇದ್ದರೆ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.