ಕಾಮಣಿ, ಎಳೆಬಿಸಿಲು ಮತ್ತು ನೀಲಿ ಬೆಳಕು: ಒಂದು ಚಾರಿತ್ರಿಕ ಅವಲೋಕನ

ಸಿಂಧನೂರು ಸೀಮೆಯ ಆರ್.ಎಚ್. ಕ್ಯಾಂಪುಗಳು ಎರಡು ಜನಪದ ಪರಂಪರೆಗಳು ನೆರೆಹೊರೆಯಾಗಿ ಬಾಳುತ್ತಿರುವ ನೆಲೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಇಲ್ಲಿ ಪುನರ್ವಸತಿ ದೊರೆಯಿತು. ಬಂಗಾಳದ ಜನಪದ ವೈದ್ಯದಲ್ಲಿ ಕಾಮಾಲೆಗೆ ಕಡ್ಡಿಗಳ ಹಾರ ತೊಡಿಸುವ ರೂಢಿಯಿದೆ. ಹಾರ ಉದ್ದವಾದಂತೆ ರೋಗ ಇಳಿಯುವುದೆಂಬುದು ನಂಬಿಕೆ. ಉತ್ತರ ಕರ್ನಾಟಕದಲ್ಲಿ ಕಾಮಣಿಗೆ ಬರೆ ಹಾಕುವ ಪದ್ಧತಿಯಿತ್ತು. ಕೂಸನ್ನು ಎಳೆಬಿಸಿಲಿಗೆ ಒಡ್ಡುವ ವಾಡಿಕೆಯೂ ಉಂಟು. ಇವು ಬಾಳಿಬಂದ ಕಾರಣವನ್ನೂ ಬೆಳಕಿನ ಚಿಕಿತ್ಸೆಯ ಚರಿತ್ರೆಯನ್ನೂ ಒಟ್ಟಿಗಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಹುಟ್ಟುತ್ತದೆ. ಅದನ್ನು ಹೊರಹಾಕುವಷ್ಟು ನವಜಾತ ಶಿಶುವಿನ ಯಕೃತ್ತು ಬಲಿತಿರುವುದಿಲ್ಲ. ದಿನ ತುಂಬಿ ಹುಟ್ಟಿದ ಶಿಶುಗಳಲ್ಲಿ ಈ ಹಳದಿ ಸಾಮಾನ್ಯವಾಗಿ 3ರಿಂದ 5ನೆಯ ದಿನದವರೆಗೆ ಏರಿ, ಬಹುಪಾಲು 2 ವಾರಗಳೊಳಗೆ ತಾನಾಗಿಯೇ ಇಳಿಯುತ್ತದೆ. ಹೀಗೆ ಇಳಿದ ಕಾಮಣಿಯ ಕೀರ್ತಿ ಹಾರಕ್ಕೂ ಬರೆಗೂ ಸಂದಿತು. ಆದರೆ ಮಿತಿಮೀರಿದ ಬಿಲಿರುಬಿನ್ ಮಿದುಳನ್ನು ಹೊಕ್ಕು ಕಿವುಡುತನ, ಅಂಗವೈಕಲ್ಯ, ಮರಣವನ್ನೂ ತರಬಲ್ಲದು.

ಬಿಸಿಲಿನ ವಿಷಯ ಬೇರೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಅಕಾಲ ಜನಿತ ಶಿಶುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದ ದಾದಿ ಜೀನ್ ವಾರ್ಡ್, ಬಟ್ಟೆ ಮುಚ್ಚಿದ್ದ ಭಾಗ ಮಾತ್ರ ಹಳದಿಯಾಗಿ ಉಳಿದುದನ್ನು ವೈದ್ಯರಿಗೆ ತೋರಿಸಿದರು. ರಿಚರ್ಡ್ ಕ್ರೆಮರ್ ಮತ್ತು ಸಂಗಡಿಗರು ಪ್ರಯೋಗ ನಡೆಸಿ 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು.

ಸುಮಾರು 460ರಿಂದ 490 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು ಚರ್ಮದಲ್ಲಿನ ಬಿಲಿರುಬಿನ್ ಅಣುವಿನ ಆಕಾರವನ್ನೇ ಬದಲಿಸುತ್ತದೆ. ನೀರಿನಲ್ಲಿ ಕರಗಬಲ್ಲ ಈ ಹೊಸ ರೂಪ ಪಿತ್ತ ಮತ್ತು ಮೂತ್ರದ ಮೂಲಕ ಹೊರಹೋಗುತ್ತದೆ. ಚಿಕಿತ್ಸೆಯ ವೇಳೆ ಮಲ ತೆಳುವಾಗುವುದು, ಮೈಯ ನೀರಿನಂಶ ತಗ್ಗುವುದು, ಚರ್ಮದಲ್ಲಿ ಗಂದೆಯೇಳುವುದು ಸಂಭವನೀಯ. ಆದ್ದರಿಂದ ಕಣ್ಣಿಗೆ ಪಟ್ಟಿ ಕಟ್ಟಿ, ಮೈಶಾಖವನ್ನು ಗಮನಿಸುತ್ತ, ಎದೆಹಾಲನ್ನು ಮುಂದುವರಿಸಲಾಗುತ್ತದೆ.

ಎಳೆಬಿಸಿಲಿನಲ್ಲಿಯೂ ಈ ನೀಲಿ ಕಿರಣವಿದೆ. ಆದರೆ ಅದರ ಪ್ರಮಾಣ ನಮ್ಮ ಹಿಡಿತದಲ್ಲಿಲ್ಲ. ಜೊತೆಗೆ ಚರ್ಮ ಸುಡುವ ಅತಿನೇರಳೆ ಕಿರಣಗಳೂ ಇವೆ. ಹುಟ್ಟಿದ 24 ಗಂಟೆಗಳೊಳಗೆ ಕಂಡ, ಅಂಗಾಲಿಗೆ ಇಳಿದ, ಇಲ್ಲವೆ ಹಾಲು ಬಿಡಿಸಿದ ಕಾಮಣಿಗೆ ಅಂಗಳದ ಬಿಸಿಲು ಸಾಲದು, ರಕ್ತಪರೀಕ್ಷೆ ಅನಿವಾರ್ಯ. ದಾದಿಯ ನೋಟವೂ ಬಾಣಂತಿ ಮನೆಯ ಅನುಭವವೂ ಒಂದೇ ಬಿಸಿಲಿನಲ್ಲಿ ಹುಟ್ಟಿದವು. ಪರೀಕ್ಷೆಗೆ ಒಳಗಾದ ನೋಟ ಚಿಕಿತ್ಸೆಯಾಯಿತು. ಜನಪದ ವೈದ್ಯವನ್ನು ಸಂಗ್ರಹಿಸುವವರು ಬಿಸಿಲನ್ನೂ ಬರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.